ಮಗ್ಗದ ಸದ್ದಿನಲ್ಲಿ ಕೊರಿಯಾದ ಕಥೆ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ನಮ್ಮ ಮನೆಯ ಹಿಂದುಗಡೆ ನಾಲ್ಕು ವಿದ್ಯುತ್ ಮಗ್ಗಗಳಿವೆ. ಬೆಳಗ್ಗೆ ಲಾಳಿ ಓಡಲು ಶುರುವಾಯಿತೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬೆಳೆದವರು ತುಟಿ ನೋಡಿ, ಕೈ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಇಂಥ ಮನೆಯಲ್ಲಿ ಕನ್ನಡ ಧಾರಾವಾಹಿ ನೋಡಬೇಕಾದರೆ ಮಗ್ಗ ನಿಲ್ಲುವವರೆಗೆ ಕಾಯಬೇಕು. ಕೊರಿಯನ್ ಧಾರಾವಾಹಿಗೆ ಆ ತೊಂದರೆಯಿಲ್ಲ, ಅದನ್ನು ತೆರೆಯ ಕೆಳಗಿನ ಅಕ್ಷರ ಓದಿಕೊಂಡು ನೋಡುವುದು. ಕಂಡಿಕೆ ಸುತ್ತುತ್ತಾ ಒಂದು ಕಣ್ಣು ಅಲ್ಲಿಟ್ಟರೂ ಕಥೆ ಕೈತಪ್ಪುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಮಗ್ಗಗಳೆಲ್ಲ ನಿಂತು ಬೀದಿಯೇ ಮೂಕವಾಗಿದ್ದಾಗ ಮಗಳು ತನ್ನ ಫೋನಿನಲ್ಲಿ ಮೊದಲನೆಯದನ್ನು ತೋರಿಸಿದಳು. ಮಗ್ಗ ಮತ್ತೆ ಓಡಿತು, ಅಭ್ಯಾಸ ಉಳಿಯಿತು. ಈಗ ನಲವತ್ತರ ಹತ್ತಿರ ನೋಡಿದ್ದೇನೆ. ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು, ಎದುರು ಮನೆಯ ಟೀಚರ್, ಕಾಲೇಜಿನ ಮಕ್ಕಳ ತಾಯಂದಿರು "ಯಾವುದರಿಂದ ಶುರು ಮಾಡ್ಲಿ ಅಕ್ಕ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ಕಥೆಯಲ್ಲಿರುವವರು ಏನು ಕೆಲಸ ಮಾಡಿ ಬದುಕುತ್ತಾರೆ, ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಊಟಕ್ಕೆ ಯಾರು ಮೊದಲು ಕೂರುತ್ತಾರೆ ಎನ್ನುವುದು ನನಗೆ ಕಾಣಬೇಕು. ಅದು ಕಂಡರೆ ಆ ಧಾರಾವಾಹಿ ನಮ್ಮದೇ. ಕಾಣದಿದ್ದರೆ ಎಷ್ಟೇ ಚೆಂದದ ನಾಯಕನಿದ್ದರೂ ನಾಲ್ಕನೇ ಕಂತಿಗೆ ನನಗೆ ಸಾಕಾಗುತ್ತದೆ.

ಹೊಸಬರಿಗೆ ಮೊದಲು ತಿಳಿದಿರಬೇಕಾದದ್ದು, ಇವು ಮುಗಿಯುವ ಕಥೆಗಳು. ನಮ್ಮಲ್ಲಿ ಒಂದು ಧಾರಾವಾಹಿ ವಾರಕ್ಕೆ ಐದಾರು ದಿನ ಅರ್ಧರ್ಧ ಗಂಟೆಯಂತೆ ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ವಾರಕ್ಕೆರಡು ಕಂತು, ಒಂದೊಂದೂ ಒಂದು ಗಂಟೆಗೆ ಮೇಲೆ, ಒಟ್ಟು ಹದಿನಾರು ಕಂತಿಗೆ ಮಂಗಳ. ದಿನಕ್ಕೊಂದರಂತೆ ನೋಡಿದರೆ ಒಂದು ಪಕ್ಷದಲ್ಲಿ ಒಂದು ಕಥೆ ಮುಗಿಯುತ್ತದೆ.

ಶುರು ಎಲ್ಲಿಂದ

ನನ್ನ ಮಟ್ಟಿಗೆ ಉತ್ತರ 'ರಿಪ್ಲೈ 1988'. ಕೊರಿಯಾದಲ್ಲಿ ಇದು 2015ರ ನವೆಂಬರಿನಿಂದ 2016ರ ಜನವರಿಯವರೆಗೆ ಪ್ರಸಾರವಾಯಿತು. ಇಪ್ಪತ್ತು ಕಂತು, ಒಂದೊಂದೂ ಒಂದೂವರೆ ಗಂಟೆಯ ಹತ್ತಿರ. ಸೋಲ್ ನಗರದ ಅಂಚಿನ ಸಾಂಗ್‌ಮುನ್‌ದೊಂಗ್ ಎಂಬ ಬಡಾವಣೆ, ಒಂದು ಓಣಿ, ಐದು ಮನೆ, ಐವರು ಹದಿಹರೆಯದ ಮಕ್ಕಳು. ಒಲಿಂಪಿಕ್ಸ್ ನಡೆದ ವರ್ಷ. ಮೊದಲ ಕಂತಿನಲ್ಲೇ ಒಂದು ದೃಶ್ಯವಿದೆ: ಸಂಜೆ ಅಡುಗೆಯ ಹೊತ್ತಿಗೆ ಒಬ್ಬ ತಾಯಿ ಮಗನ ಕೈಯಲ್ಲಿ ಪಕ್ಕದ ಮನೆಗೆ ಬಟ್ಟಲು ಕಳಿಸುತ್ತಾಳೆ, ಆ ಮನೆಯವಳು ಖಾಲಿ ಬಟ್ಟಲು ಕಳಿಸಬಾರದೆಂದು ತನ್ನದನ್ನು ತುಂಬಿ ಕಳಿಸುತ್ತಾಳೆ. ಹೀಗೆ ಮಕ್ಕಳು ಓಣಿಯ ಉದ್ದಕ್ಕೂ ಓಡಾಡಿ ಸುಸ್ತಾಗುವ ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲ್ಲರ ಅಡುಗೆ ಇರುತ್ತದೆ. ನಮ್ಮ ಬೀದಿಯಲ್ಲಿ ಹಬ್ಬದ ದಿನ ಒಬ್ಬಟ್ಟಿನ ತಟ್ಟೆ ಸುತ್ತುವ ರೀತಿಯನ್ನೇ ಯಾರೋ ಕದ್ದು ನೋಡಿ ಚಿತ್ರಿಸಿದಂತಿದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಬಟ್ಟಲಲ್ಲ. ನಾಯಕಿ ದೊಕ್‌ಸನ್‌ಳ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ತಿಂಗಳ ಸಂಬಳ ಬರುತ್ತದೆ. ಆದರೂ ಸಂಸಾರ ನೆಲಮಟ್ಟದ ಕೆಳಗಿನ ಅರ್ಧ ಕತ್ತಲೆಯ ಬಾಡಿಗೆ ಕೋಣೆಗಳಲ್ಲಿದೆ. ಕಾರಣ, ಅವನು ಪರಿಚಯದವರ ಸಾಲಕ್ಕೆ ಜಾಮೀನು ನಿಂತಿದ್ದ. ನೂಲಿನ ಸಾಲ, ಮಗ್ಗದ ಸಾಲ, ಚೀಟಿ, ಕೈಬದಲು, ಇವುಗಳಿಗೆ ಜಾಮೀನು ಹಾಕಿ ಮನೆ ಕಳೆದುಕೊಂಡವರನ್ನು ನೋಡಿ ಬೆಳೆದವರಿಗೆ ಆ ಅಪ್ಪನ ಮುಖದಲ್ಲಿನ ಸಂಕೋಚ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೂವರು ಮಕ್ಕಳಲ್ಲಿ ನಡುವಿನವಳು ದೊಕ್‌ಸನ್. ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಅವಳ ಹುಟ್ಟುಹಬ್ಬವನ್ನೂ ಮುಗಿಸಿಬಿಡುತ್ತಾರೆ. ಅವಳು ಅತ್ತು ಕೂಗಾಡುತ್ತಾಳೆ. ಆಮೇಲೆ ಅಪ್ಪ ಬೀದಿದೀಪದ ಕೆಳಗೆ ಕೂತು, ತಾನೂ ಅಪ್ಪನಾಗಿಯೇ ಹುಟ್ಟಿದವನಲ್ಲ, ತಿಳಿಯದೆ ತಪ್ಪಾಯಿತು ಎನ್ನುವ ಅರ್ಥದ ಮಾತಾಡುತ್ತಾನೆ. ನಮ್ಮ ಮನೆಯಲ್ಲಿ ಆವತ್ತು ಯಾರೂ ಮಾತಾಡಲಿಲ್ಲ.

ಇದರ ದೋಷವನ್ನೂ ಹೇಳಬೇಕು. ದೊಕ್‌ಸನ್ ಯಾರನ್ನು ಮದುವೆಯಾದಳು ಎಂಬುದನ್ನು ಕಡೆಯವರೆಗೆ ಮುಚ್ಚಿಟ್ಟು ನೋಡುವವರನ್ನು ಆಡಿಸುತ್ತಾರೆ. ಆ ಆಟಕ್ಕಾಗಿ ನಡುವಿನ ಕಂತುಗಳನ್ನು ಎಳೆದಿದ್ದಾರೆ, ಕೊನೆಯ ಎರಡು ಕಂತನ್ನು ಅವಸರದಲ್ಲಿ ಮುಗಿಸಿದ್ದಾರೆ. ನೀವು ಆ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಳ್ಳದೆ ಅಪ್ಪ ಅಮ್ಮಂದಿರ ಕಥೆಯನ್ನೇ ಹಿಂಬಾಲಿಸಿ.

ಇದೇ ಸಾಂಗ್‌ಮುನ್‌ದೊಂಗ್ ಮತ್ತೊಂದು ಕಡೆ ಬರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಬಂದು ಜಗತ್ತೆಲ್ಲ ಮಾತಾಡಿದ 'ಸ್ಕ್ವಿಡ್ ಗೇಮ್'ನ ನಾಯಕ ಗಿಹುನ್ ಆ ಬಡಾವಣೆಯವನೇ. ಮೂವತ್ತು ವರ್ಷದ ಹಿಂದೆ ಬಟ್ಟಲು ಸುತ್ತಿದ ಬಡಾವಣೆಯ ಮಗ ಈಗ ಕೆಲಸ ಕಳೆದುಕೊಂಡು, ಸಾಲದಲ್ಲಿ ಮುಳುಗಿ, ತಾಯಿಯ ದುಡಿಮೆಯಲ್ಲಿ ಕೂತಿದ್ದಾನೆ. ಒಂದಾದ ಮೇಲೆ ಇನ್ನೊಂದನ್ನು ನೋಡಿದರೆ ಆ ದೇಶಕ್ಕೆ ನಡುವೆ ಏನಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಕಾರ್ಖಾನೆ ಮುಷ್ಕರದಲ್ಲಿ ಕೆಲಸ ಹೋದ ಗಿಹುನ್‌ನ ಹಿನ್ನೆಲೆಗೆ 2009ರ ಸ್ಸಾಂಗ್‌ಯಾಂಗ್ ಮೋಟಾರ್ ಕಾರ್ಮಿಕರ ಹೋರಾಟವೇ ಪ್ರೇರಣೆ ಎಂದು ನಿರ್ದೇಶಕ ಹ್ವಾಂಗ್ ದೊಂಗ್‌ಹ್ಯುಕ್ ಹೇಳಿದ್ದಾರೆ. ಅದರಲ್ಲಿ ಅಲಿ ಎಂಬ ಪಾಕಿಸ್ತಾನಿ ಕಾರ್ಮಿಕನ ಪಾತ್ರ ಮಾಡಿದವರು ದೆಹಲಿಯ ಅನುಪಮ್ ತ್ರಿಪಾಠಿ. ತಿಂಗಳುಗಟ್ಟಲೆ ಕೂಲಿ ಕೊಡದ ಯಜಮಾನನ ಮುಂದೆ ಅಲಿ ನಿಲ್ಲುವ ದೃಶ್ಯ ನೋಡಿದಾಗ ನನಗೆ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕಡೆ ಶಿಫ್ಟ್ ಮುಗಿಸಿ ಸಾಲಾಗಿ ನಡೆದು ಬರುವ ಹೊರರಾಜ್ಯದ ಹುಡುಗರು ನೆನಪಾದರು.

ಮೊದಲ ಭಾಗದ ಒಂಬತ್ತು ಕಂತು ನೋಡಿ ನಿಲ್ಲಿಸಿ ಎನ್ನುವುದು ನನ್ನ ಸಲಹೆ. ಮುಂದಿನೆರಡು ಭಾಗಗಳಲ್ಲಿ ಸಾವುಗಳು ಹೆಚ್ಚಾದವು, ಮನುಷ್ಯರು ಕಡಿಮೆಯಾದರು. ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ, ಇದು ಮಕ್ಕಳ ಆಟ ಇರುವ ಕಥೆ, ಮಕ್ಕಳಿಗಿರುವ ಕಥೆಯಲ್ಲ. ಕೊರಿಯಾದಲ್ಲೇ ಇದು ವಯಸ್ಕರಿಗೆ ಮಾತ್ರ. ಪ್ರೈಮರಿ ಶಾಲೆಯ ಮಕ್ಕಳು ಅದರಲ್ಲಿನ ಗೊಂಬೆಯ ಆಟ ಆಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಚಕ್ಕೋತದ ಸೀಮೆಯಿಂದ ಕಿತ್ತಳೆಯ ದ್ವೀಪಕ್ಕೆ

'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' 2025ರ ಮಾರ್ಚಿನಲ್ಲಿ ಬಂತು, ಹದಿನಾರು ಕಂತು. ಕೊರಿಯಾದ ದಕ್ಷಿಣದ ಜೇಜು ದ್ವೀಪ, ಸಣ್ಣ ಕಿತ್ತಳೆಗೆ ಹೆಸರಾದ ಸೀಮೆ. ನಮ್ಮ ದೇವನಹಳ್ಳಿಗೆ ಚಕ್ಕೋತ ಹೇಗೋ ಹಾಗೆ. ಕಥೆ 1951ರಲ್ಲಿ ಹುಟ್ಟಿದ ಏಸುನ್ ಎಂಬ ಹುಡುಗಿಯದು. ಅವಳ ತಾಯಿ ಉಸಿರು ಕಟ್ಟಿ ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ತೆಗೆಯುವ ಹೆಂಗಸು, ಅವರನ್ನು ಅಲ್ಲಿ 'ಹೇನ್ಯೊ' ಎನ್ನುತ್ತಾರೆ. ಮಗಳು ತನ್ನಂತೆ ಆಗಬಾರದೆಂದು ಅವಳ ಹಟ. ಮಗಳಿಗೆ ಕವಿಯಾಗುವ ಆಸೆ. ಅವಳ ಹಿಂದೆ ಚಿಕ್ಕಂದಿನಿಂದ ನಿಂತವನು ಮಾತು ಕಡಿಮೆಯ ಗ್ವಾನ್‌ಶಿಕ್. ಅವಳು ಮಾರುಕಟ್ಟೆಯಲ್ಲಿ ಕೂತು ಪುಸ್ತಕ ಓದಿದರೆ ಅವಳ ಕೋಸನ್ನು ಅವನು ಮಾರುತ್ತಾನೆ.

ಮದುವೆಯ ನಂತರ ಅವನ ಮನೆಯಲ್ಲಿ ಗಂಡಸರ ಊಟದ ಮೇಜು ಬೇರೆ, ಹೆಂಗಸರದು ಬೇರೆ, ಚಿಕ್ಕದು. ಗ್ವಾನ್‌ಶಿಕ್ ಯಾರಿಗೂ ಏನೂ ಹೇಳುವುದಿಲ್ಲ. ಕೂತಲ್ಲೇ ತಿರುಗಿ ಹೆಂಡತಿಯ ಕಡೆ ಮುಖ ಮಾಡಿ ಉಣ್ಣುತ್ತಾನೆ. ಒಂದು ಭಾಷಣವಿಲ್ಲ, ಬಾಗಿಲು ಬಡಿಯುವುದಿಲ್ಲ. ಗಂಡಸರಿಗೆ ಬಡಿಸಿ ಕಡೆಗೆ ತಳದ ಅನ್ನ ಉಂಡವರೇ ಇರುವ ನಮ್ಮ ಮನೆಯಲ್ಲಿ, ಅತ್ತೆ ಆ ದೃಶ್ಯವನ್ನು ಮತ್ತೆ ಹಾಕಿಸಿ ನೋಡಿದರು.

ಎಚ್ಚರಿಕೆ: ಇದರಲ್ಲಿ ಒಂದು ಮಗುವಿನ ಸಾವಿದೆ. ಮನೆಯಲ್ಲಿ ಅಂಥ ದುಃಖ ಹಸಿಯಾಗಿದ್ದರೆ ಈಗ ಬೇಡ. ಮುಖ್ಯ ನಟಿ ಐಯು ತಾಯಿಯಾಗಿಯೂ ಮಗಳಾಗಿಯೂ ನಟಿಸಿರುವುದರಿಂದ, ಕಾಲ ಹಿಂದೆ ಮುಂದೆ ಹೋದಾಗ ಮೊದಲೆರಡು ಕಂತು ಸ್ವಲ್ಪ ಗೊಂದಲ. ತಾಳ್ಮೆಯಿಂದ ಮೂರನೆಯದಕ್ಕೆ ಹೋಗಿ.

ನಮ್ಮ ಜಿಲ್ಲೆಯವರು ತಪ್ಪಿಸಬಾರದ ಇನ್ನೆರಡು ಕಂತುಗಳಿವೆ. 'ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ' ಆಟಿಸಂ ಇರುವ ತರುಣ ವಕೀಲೆಯ ಕಥೆ, 2022ರದು. ಅದರ ಏಳು ಮತ್ತು ಎಂಟನೇ ಕಂತಿನಲ್ಲಿ ಸೊದೊಕ್‌ದೊಂಗ್ ಎಂಬ ಹಳ್ಳಿಯನ್ನು ಸೀಳಿಕೊಂಡು ರಸ್ತೆ ಬರುವುದಿದೆ. ಊರಿನವರು ವಕೀಲರನ್ನು ದಿಬ್ಬದ ಮೇಲೆ ಕರೆದೊಯ್ದು ತಮ್ಮ ಹಳೆಯ ಮರವನ್ನು ತೋರಿಸುತ್ತಾರೆ. ಈ ಕಂತುಗಳು ಅಲ್ಲಿ ಪ್ರಸಾರವಾದ ಜುಲೈ ತಿಂಗಳಲ್ಲಿ ಇಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಸ್ವಾಧೀನದ ವಿರುದ್ಧ ಕೂತು ನೂರು ದಿನ ದಾಟಿತ್ತು. ಹದಿಮೂರು ಹಳ್ಳಿ, 1,777 ಎಕರೆ. ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದ್ದು 2025ರ ಜುಲೈ 15ರಂದು, ಹೋರಾಟದ 1,198ನೇ ದಿನ. ಧಾರಾವಾಹಿಯಲ್ಲಿ ಎರಡು ಕಂತಿಗೆ ಮುಗಿದದ್ದಕ್ಕೆ ಇಲ್ಲಿ ಮೂರು ವರ್ಷದ ಬಿಸಿಲು ಮಳೆ ಬೇಕಾಯಿತು. ಹಾಗಿದ್ದೂ ಆ ಕಂತುಗಳನ್ನು ನಾನು ಹಗುರವೆನ್ನುವುದಿಲ್ಲ. ಪರಿಹಾರದ ಲೆಕ್ಕ ಬಿಟ್ಟು ಊರು ಎಂದರೆ ಏನು ಎಂದು ಅವು ಕೇಳುತ್ತವೆ.

ಆ ಮರ ಸೆಟ್ ಅಲ್ಲ. ಚಾಂಗ್‌ವೊನ್ ನಗರದ ದೊಂಗ್‌ಬು ಎಂಬ ಹಳ್ಳಿಯಲ್ಲಿ ನಿಂತಿರುವ, ಸುಮಾರು 500 ವರ್ಷದ್ದೆಂದು ಹೇಳುವ ನಿಜವಾದ ಮರ. ಧಾರಾವಾಹಿ ಬಂದ ಮೇಲೆ ಜನ ಮುಗಿಬಿದ್ದರು, ಅದೇ ವರ್ಷ ಅದಕ್ಕೆ ರಾಷ್ಟ್ರದ ನೈಸರ್ಗಿಕ ಸ್ಮಾರಕದ ಮಾನ್ಯತೆ ಸಿಕ್ಕಿತು. ನಮ್ಮ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲೇ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಗೌರವ ಬಂದಿದೆ. ಐವತ್ನಾಲ್ಕು ಎಕರೆಯಲ್ಲಿ ಶತಮಾನಗಳ ಮರಗಳಿವೆ. ದೇವನಹಳ್ಳಿಯಲ್ಲಿ ವಿಮಾನ ನೋಡಲು ನಿಲ್ಲುವ ಜನ ಆ ಕಡೆಗೂ ಒಮ್ಮೆ ಗಾಡಿ ತಿರುಗಿಸಬೇಕೆಂಬುದು ನನ್ನ ಆಸೆ. ಇನ್ನು ಧಾರಾವಾಹಿಯ ವಿಷಯಕ್ಕೆ ಬಂದರೆ, ಆಟಿಸಂ ಇರುವವರೆಲ್ಲ ಕಾನೂನು ಪುಸ್ತಕವನ್ನು ಬಾಯಿಪಾಠ ಒಪ್ಪಿಸುವವರಲ್ಲ. ಮೂರನೇ ಕಂತು ತಾನೇ ಅದನ್ನು ಒಪ್ಪಿಕೊಂಡು, ಇನ್ನೊಂದು ಬಗೆಯ ಬದುಕನ್ನು ತೋರಿಸುತ್ತದೆ. ಅಂಥ ಮಕ್ಕಳಿರುವ ತಂದೆತಾಯಿ ಅಲ್ಲಿಂದಲೇ ನೋಡಬಹುದು.

ಹೆಸರು ದೊಡ್ಡದು, ನನಗೆ ಅಷ್ಟಕ್ಕಷ್ಟೆ

'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ನಾನು ನೋಡಿದ ಮೊದಲನೆಯದು, ಆದ್ದರಿಂದ ಪ್ರೀತಿ ಇದೆ. ದಕ್ಷಿಣ ಕೊರಿಯಾದ ಶ್ರೀಮಂತ ಹೆಣ್ಣುಮಗಳು ಗಾಳಿಗೆ ಸಿಕ್ಕಿ ಪ್ಯಾರಾಗ್ಲೈಡರ್ ಸಮೇತ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ, ಅಲ್ಲಿನ ಸೈನ್ಯಾಧಿಕಾರಿ ಕಾಪಾಡುತ್ತಾನೆ. ನಾಯಕ ನಾಯಕಿಯಾಗಿದ್ದ ಹ್ಯುನ್ ಬಿನ್ ಮತ್ತು ಸೊನ್ ಯೆಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು. ಆದರೆ ಅದರ ಜೀವ ಇರುವುದು ಉತ್ತರದ ಆ ಹಳ್ಳಿಯ ಹೆಂಗಸರಲ್ಲಿ: ಗುಂಪಾಗಿ ಕೂತು ಕಿಮ್ಚಿ ಹಾಕುವುದು, ಕರೆಂಟ್ ಹೋದರೆ ಹುಬ್ಬೂ ಏರಿಸದಿರುವುದು, ಕರೆಂಟಿಲ್ಲದೆ ನಿಂತುಹೋದ ರೈಲಿನಿಂದಿಳಿದು ಬಯಲಲ್ಲಿ ಬೆಂಕಿ ಹಾಕಿ ರಾತ್ರಿ ಕಳೆಯುವುದು. ಕಥೆ ಸೋಲ್‌ಗೆ ಬಂದ ಮೇಲೆ ಬರೀ ಶ್ರೀಮಂತರ ಮನೆಯ ಒಳಸಂಚು, ಬಂದೂಕು. ಒಂಬತ್ತು ಹತ್ತು ಕಂತಿನವರೆಗೆ ನಿಧಾನವಾಗಿ, ಆಮೇಲೆ ಬೇಗಬೇಗ ನೋಡಿ.

'ಕ್ವೀನ್ ಆಫ್ ಟಿಯರ್ಸ್' 2024ರಲ್ಲಿ ತನ್ನ ವಾಹಿನಿಯ ವೀಕ್ಷಣಾ ದಾಖಲೆ ಮುರಿಯಿತು. ಮೂರು ವರ್ಷಕ್ಕೇ ತಣ್ಣಗಾದ ಒಂದು ಮದುವೆಯನ್ನು ಮೊದಲ ಆರೇಳು ಕಂತು ಬಹಳ ಸತ್ಯವಾಗಿ ತೋರಿಸುತ್ತವೆ. ಶ್ರೀಮಂತ ಮನೆಯ ಅಳಿಯಂದಿರೆಲ್ಲ ಅಡುಗೆಮನೆಯಲ್ಲಿ ಹಿರಿಯರ ಎಡೆಗೆ ಕರಿದು ಬೇಯಿಸುವ ದೃಶ್ಯಕ್ಕೆ ನಮ್ಮ ಮನೆಯ ಹೆಂಗಸರು ನಕ್ಕದ್ದು ಮಗ್ಗದ ಸದ್ದನ್ನೂ ಮೀರಿತು. ಆಮೇಲೆ ಮರೆವು, ಅಪಹರಣ, ಅಪಘಾತ ಒಂದರ ಮೇಲೊಂದು. ಅಷ್ಟು ಚೆನ್ನಾಗಿ ಹಾಸು ಹೂಡಿದವರು ಹೊಕ್ಕಿಗೆ ಹೀಗೇಕೆ ಸಿಕ್ಕಿದ ನೂಲು ಹಾಕಿದರೋ ಎಂದು ಬೇಸರವಾಯಿತು.

'ಗಾಬ್ಲಿನ್' ನೋಡಲು ಕಣ್ಣಿಗೆ ಹಬ್ಬ, ಸಾವಿನ ದೂತನ ಕಥೆ ಎದೆ ತಟ್ಟುತ್ತದೆ. ಆದರೆ ಶತಮಾನಗಳ ವಯಸ್ಸಿನ ನಾಯಕನ ಎದುರು ಶಾಲೆಯ ಸಮವಸ್ತ್ರದ ಹುಡುಗಿಯನ್ನು ಪ್ರೇಯಸಿಯಾಗಿ ನಿಲ್ಲಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. 2009ರ 'ಬಾಯ್ಸ್ ಓವರ್ ಫ್ಲವರ್ಸ್' ಇನ್ನೂ ನಮ್ಮ ಹುಡುಗಿಯರ ಫೋನಿನಲ್ಲಿದೆ. ಬಡ ಹುಡುಗಿಯನ್ನು ಹಿಂಸಿಸಿದವನೇ ಅವಳ ಪ್ರೇಮಿಯಾಗುವ ಕಥೆ ಅದು, ಮುಂಗೈ ಹಿಡಿದು ಎಳೆದೊಯ್ಯುವುದನ್ನು ಪ್ರೀತಿ ಎಂದು ಹೇಳುತ್ತದೆ. ಹೆಣ್ಣುಮಕ್ಕಳ ಜೊತೆ ಕೂತು ನೋಡಿ, ಆ ಜಾಗದಲ್ಲಿ ನಿಲ್ಲಿಸಿ ಮಾತಾಡಿ. ಶಾಲೆಯಲ್ಲಿ ನಡೆಯುವ ಇಂಥ ಹಿಂಸೆಯನ್ನು ಅದರ ನಿಜ ರೂಪದಲ್ಲಿ ತೋರಿಸಿದ್ದು 'ದಿ ಗ್ಲೋರಿ'. ಅದು ಗಟ್ಟಿ ಮನಸ್ಸಿನ ದೊಡ್ಡವರಿಗೆ. ಮಕ್ಕಳ ಅಂಕದ ಹಿಂದೆ ಓಡುತ್ತಿರುವ ತಂದೆತಾಯಿ ಮಾತ್ರ ನೀಟ್ ಕೋಚಿಂಗಿಗೆ ಹಣ ಕಟ್ಟುವ ಮೊದಲು 'ಸ್ಕೈ ಕ್ಯಾಸಲ್' ನೋಡಲಿ.

ಕಥೆಯ ನಡುವೆ ಎಲ್ಲರೂ ಒಂದೇ ಅಂಗಡಿಯ ಸ್ಯಾಂಡ್‌ವಿಚ್ ತಿನ್ನುವುದು, ಪೊಟ್ಟಣದ ಜಿನ್ಸೆಂಗ್ ಹೀರುವುದು ವಿಚಿತ್ರ ಅನಿಸಿದರೆ, ಅದು ಜಾಹೀರಾತು. ಅಲ್ಲಿ 2010ರಲ್ಲಿ ಕಥೆಯೊಳಗೆ ವಸ್ತು ತೋರಿಸಲು ಕಾನೂನಿನ ಒಪ್ಪಿಗೆ ಸಿಕ್ಕಿತು. ದೊಡ್ಡ ವಾಹಿನಿಗಳಿಗೆ ಕಂತಿನ ನಡುವೆ ಜಾಹೀರಾತು ಹಾಕಲು 2021ರವರೆಗೆ ಅನುಮತಿ ಇರಲಿಲ್ಲ.

ನೋಡುವ ಬಗೆ

ನಾನು ನೋಡಿದ ಯಾವುದಕ್ಕೂ ಕನ್ನಡ ಧ್ವನಿ ಇರಲಿಲ್ಲ. ಹಿಂದಿ, ಕೆಲವಕ್ಕೆ ತಮಿಳು, ತೆಲುಗು, ಇಲ್ಲವೇ ಇಂಗ್ಲಿಷ್ ಅಕ್ಷರ. ದಶಕಗಳ ಕಾಲ ನಮ್ಮಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟುಪಾಡಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು, ಲಾಕ್‌ಡೌನಿನಲ್ಲಿ 'ಮಹಾಭಾರತ' ಕನ್ನಡದಲ್ಲಿ ಮನೆಮನೆಗೆ ಬಂತು. ಕೊರಿಯನ್ ಕಥೆಗಳೂ ಬರಬೇಕು. ಕನ್ನಡದಲ್ಲಿ ಕೇಳಬೇಕೆನ್ನುವುದು ಕನ್ನಡಕ್ಕೆ ದ್ರೋಹವಲ್ಲ. ಅಲ್ಲಿಯವರೆಗೆ, ಡಬ್ಬಿಂಗ್ ಇದ್ದರೂ ಮೂಲ ಧ್ವನಿಯನ್ನೇ ಇಟ್ಟುಕೊಳ್ಳಿ. ಕಾರಣವಿದೆ. ಕೊರಿಯನ್ನರು ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತಾರೆ, ತಾಯಿಯನ್ನು 'ಒಮ್ಮಾ'. 'ನಾ' ಎಂದರೆ ನಾನು, 'ನಿ' ಎಂದು ಕೇಳಿಸಿದರೆ ನೀನು. ಎರಡು ಭಾಷೆಗೂ ನಂಟಿದೆಯೆಂದು ಭಾಷಾಶಾಸ್ತ್ರ ಒಪ್ಪಿಲ್ಲ. ಆದರೆ ವಾಕ್ಯದ ಕೊನೆಗೆ ಕ್ರಿಯಾಪದ, ಅದರ ತುದಿಯಲ್ಲಿ ಮರ್ಯಾದೆ, ಎಲ್ಲ ನಮ್ಮ ಹಾಗೇ. ನಾಯಕ ನಾಯಕಿ 'ಬನ್ನಿ' ಎನ್ನುತ್ತಿದ್ದವರು 'ಬಾ'ಗೆ ಇಳಿಯುವ ಗಳಿಗೆ ಅಲ್ಲಿ ದೊಡ್ಡ ಘಟನೆ. ಇಂಗ್ಲಿಷ್ ಅಕ್ಷರದಲ್ಲಿ ಅದು ಕಾಣುವುದೇ ಇಲ್ಲ, ಕನ್ನಡದ ಕಿವಿಗೆ ಕೇಳಿಸುತ್ತದೆ.

ಫೋನಿನಲ್ಲಿ ನೋಡುವವರಿಗೆ ನೆಟ್‌ಫ್ಲಿಕ್ಸ್ 2021ರ ಕೊನೆಯಲ್ಲಿ ತನ್ನ ಮೊಬೈಲ್ ಯೋಜನೆಯನ್ನು ತಿಂಗಳಿಗೆ 149 ರೂಪಾಯಿಗೆ ಇಳಿಸಿತು. ಅದು ಟಿವಿಗೆ ಬರುವುದಿಲ್ಲ. ಸಿಗ್ನಲ್ ಇರುವ ಕಡೆ ಕಂತು ಇಳಿಸಿಕೊಂಡರೆ ಬಸ್ಸಿನಲ್ಲಿ, ಕರೆಂಟ್ ಇಲ್ಲದ ಮಧ್ಯಾಹ್ನ ನೋಡಬಹುದು. ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಹೆಚ್ಚಿನ ಕಥೆಗಳಲ್ಲಿ ಕುಡಿತ ನೀರಿನಷ್ಟು ಸಹಜವಾಗಿ ಬರುತ್ತದೆ, ಹಸಿರು ಸೀಸೆ ಇಲ್ಲದ ದುಃಖವೇ ಇಲ್ಲ. ಅದನ್ನೂ ಮಕ್ಕಳೊಂದಿಗೆ ಮಾತಾಡಬೇಕಾಗುತ್ತದೆ.

ಅಕ್ಷರ ಓದಲಾಗದ ಹಿರಿಯರಿದ್ದರೆ ಹೀಗೆ ಮಾಡಿ: ಪ್ರತಿ ಮಾತನ್ನೂ ಅನುವಾದಿಸಬೇಡಿ, ಕಥೆ ಸಾಯುತ್ತದೆ. ದೃಶ್ಯ ಮುಗಿದ ಮೇಲೆ ನಿಲ್ಲಿಸಿ ಎರಡು ವಾಕ್ಯ ಹೇಳಿ. ಹೆಸರುಗಳ ಬದಲು ಸಂಬಂಧ ಹೇಳಿ: ಜಾಮೀನಿನ ಅಪ್ಪ, ಗಡಿಯಾರದ ಅಂಗಡಿಯವನ ಮಗ. ಅವರಿಗೆ ರಾಜರ ಕಾಲದ್ದು ಇಷ್ಟವಾದರೆ 'ಡೇ ಜಾಂಗ್ ಗುಮ್' ಇದೆ. ಅರಮನೆಯ ಅಡುಗೆಯವಳು ರಾಜವೈದ್ಯೆಯಾಗುವ 54 ಕಂತಿನ ಕಥೆ, ಹಿಂದೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಿತ್ತು. ಅಡುಗೆಯ ಪ್ರಕರಣಗಳಿಗೆ ಅನುವಾದವೇ ಬೇಡ. ಕೊರಿಯನ್ನರ ದೊಡ್ಡ ಹಬ್ಬ ಚುಸೊಕ್‌ನಲ್ಲಿ ಹಿರಿಯರಿಗೆ ಎಡೆ ಇಡುವುದು ಬಂದರೆ, ಅದು ಎಷ್ಟೋ ವರ್ಷ ನಮ್ಮ ಪಿತೃಪಕ್ಷ ಶುರುವಾಗುವ ಭಾದ್ರಪದ ಹುಣ್ಣಿಮೆಗೇ ಬೀಳುತ್ತದೆ ಎಂದು ಹೇಳಿ ನೋಡಿ. ಆಮೇಲೆ ಅವರೇ ನಿಮಗೆ ವಿವರಿಸುತ್ತಾರೆ.

ಈಗ ನಮ್ಮ ಮನೆಯಲ್ಲಿ 2018ರ 'ಮೈ ಮಿಸ್ಟರ್' ನಡೆಯುತ್ತಿದೆ, ನನಗೆ ಎರಡನೇ ಸಲ. ಕೊರಿಯಾದ ಧಾರಾವಾಹಿಗಳಲ್ಲೇ ಮೇಲಿನದು ಎಂದು ನಾನು ನಂಬಿರುವುದು ಇದನ್ನೇ. ಮೊದಲೆರಡು ಕಂತು ಕತ್ತಲೆ, ಹೊಡೆತ, ಸಾಲಗಾರನ ಕಾಟ. ಅನೇಕರು ಅಲ್ಲೇ ಬಿಟ್ಟಿದ್ದಾರೆ, ನಾಲ್ಕರವರೆಗೆ ಬನ್ನಿ. ಕೂಲಿ ಮಾಡಿ ಅಜ್ಜಿಯನ್ನು ಸಾಕುವ ಹುಡುಗಿ, ಮನೆಯಲ್ಲೂ ಕಚೇರಿಯಲ್ಲೂ ಸೋತ ನಡುವಯಸ್ಸಿನ ಎಂಜಿನಿಯರ್, ಇವರಿಬ್ಬರ ನಡುವೆ ಹುಟ್ಟುವ, ಪ್ರೇಮವಲ್ಲದ ಒಂದು ಅಕ್ಕರೆ. ಅಜ್ಜಿಗೆ ಕಿವಿ ಕೇಳಿಸದು. ಚಂದ್ರನನ್ನು ನೋಡುವ ಆಸೆ ಅವಳಿಗೆ, ಮೊಮ್ಮಗಳು ಅಂಗಡಿಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ಇಬ್ಬರೂ ಮಾತಾಡುವುದು ಕೈಸನ್ನೆಯಲ್ಲಿ. ನಾನು ಎಂದಿನಂತೆ ನಿಲ್ಲಿಸಿ ಹೇಳಲು ಹೋದೆ. ಹಿಂದೆ ನಾಲ್ಕೂ ಮಗ್ಗ ಓಡುತ್ತಿದ್ದವು. ಅತ್ತೆ ಕಣ್ಣು ತೆಗೆಯದೆ ಕೈಯೆತ್ತಿ ನನ್ನನ್ನು ತಡೆದರು, ತಮ್ಮ ಎದೆ ತಟ್ಟಿಕೊಂಡು ತುಟಿಯಲ್ಲೇ ಅಂದರು: "ಇದು ನಂಗೆ ಗೊತ್ತಾಗುತ್ತೆ."